ಮುಂದಿನ ಆಕ್ಸಲ್ ಬೋಲ್ಟ್ ಮುರಿದಾಗ: ಏನು ಹಾಕಬೇಕು, ಏನು ಬೇಡ

ಸಕಲೇಶಪುರದಿಂದ ವಾಪಸ್ ಬರುವಾಗ ಬೈಕಿನ ಮುಂದಿನ ಟೈರ್ ಪಂಕ್ಚರ್ ಆಯಿತು. ಜುಲೈ ತಿಂಗಳು, ಬಿಡದ ಮಳೆ. ಹೈವೇ ಪಕ್ಕ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಹುಡುಗ ಚುರುಕಾಗಿ ಕೆಲಸ ಮಾಡಿದ. ವ್ಹೀಲ್ ಕೂರಿಸಿದ, ಆಕ್ಸಲ್ ತೂರಿಸಿದ, ನಟ್ ಟೈಟ್ ಮಾಡಿದ. ಕೊನೆಗೆ ಫೋರ್ಕಿನ, ಅಂದರೆ ಮುಂದಿನ ವ್ಹೀಲನ್ನು ಎರಡೂ ಕಡೆ ಹಿಡಿಯುವ ಕಾಲುಗಳ, ಬುಡದಲ್ಲಿರುವ ಪುಟ್ಟ ಬೋಲ್ಟ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ಅದರ ಬಾಲಕ್ಕೆ ಎರಡಡಿ ಪೈಪ್ ಸಿಕ್ಕಿಸಿದ. ನಾನು ಬೇಡ ಅನ್ನುವಷ್ಟರಲ್ಲಿ ‘ಟಿಕ್’ ಅಂತು. ಬೋಲ್ಟಿನ ತಲೆ ಸ್ಪ್ಯಾನರ್ ಒಳಗೆ, ಮೈ ಫೋರ್ಕಿನ ಒಳಗೆ.

“ಏನೂ ಆಗಲ್ಲ ಸಾರ್, ಆಕ್ಸಲ್ ಟೈಟ್ ಇದೆ, ಆರಾಮಾಗಿ ಹೋಗಿ” ಅಂದ. ಹಾಸನದವರೆಗೆ ಸುಮಾರು ನಲವತ್ತು ಕಿಲೋಮೀಟರ್ ಜೀವ ಕೈಯಲ್ಲಿ ಹಿಡಿದು ಓಡಿಸಿದೆ. ಹಾಗೆ ಮಾಡಬಾರದಿತ್ತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೆಂಗಳೂರಿಗೆ ಬಂದು ಐದು ಜನರನ್ನು ಕೇಳಿದೆ. ಐದು ಉತ್ತರ ಬಂತು. ಒಬ್ಬರು 12.9 ಗ್ರೇಡಿನ ಗಟ್ಟಿ ಬೋಲ್ಟ್ ಹಾಕಿ ಅಂದರು. ಇನ್ನೊಬ್ಬರು ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಜನ್ಮದಲ್ಲಿ ತುಕ್ಕು ಹಿಡಿಯಲ್ಲ ಅಂದರು. ಒಬ್ಬರು ತೂತನ್ನು ದೊಡ್ಡದು ಮಾಡಿ ಎಂ10 ಟ್ಯಾಪ್ ಹೊಡೆಸಿ, ಅಂದರೆ 10 ಮಿಲಿಮೀಟರ್ ದಪ್ಪದ ಬೋಲ್ಟಿಗೆ ತಕ್ಕಂತೆ ತೂತಿನೊಳಗೆ ಹೊಸ ತಿರುಪು ಕೊರೆಸಿ ಅಂದರು. ಇನ್ನೊಬ್ಬರು ತೂತಿನೊಳಗೆ ಕೂರಿಸುವ ತಂತಿ ಸುರುಳಿ, ಹೆಲಿಕಾಯಿಲ್ ಅಂದರು. ಸರ್ವಿಸ್ ಸೆಂಟರಿನವರು ಇಡೀ ಫೋರ್ಕಿನ ಕಾಲನ್ನೇ ಬದಲಾಯಿಸಬೇಕು ಅಂದರು. ಎಲ್ಲ ಉತ್ತರಕ್ಕೂ ಅದರದೇ ಜಾಗ ಇದೆ. ನಿಮ್ಮ ಗಾಡಿಯಲ್ಲಿ ಮುರಿದದ್ದು ಯಾವುದು, ಯಾಕೆ ಮುರಿಯಿತು ಅನ್ನೋದರ ಮೇಲೆ ಆಯ್ಕೆ ನಿಂತಿದೆ.

ಮೊದಲು ಮುರಿದದ್ದು ಯಾವುದು ನೋಡಿ

ಮುಂದಿನ ಆಕ್ಸಲ್ ಹಿಡಿಯುವ ರೀತಿ ಮುಖ್ಯವಾಗಿ ಮೂರು.

ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಆಕ್ಸಲ್ ಎರಡೂ ಕಾಲುಗಳನ್ನು ತೂರಿಕೊಂಡು ಹೋಗುತ್ತದೆ, ಕೊನೆಗೆ ಒಂದು ನಟ್. ಅಷ್ಟೇ. ಇಲ್ಲಿ ಕೆಡುವುದು ನಟ್ ಅಥವಾ ಆಕ್ಸಲ್ ತುದಿಯ ಥ್ರೆಡ್, ಅಂದರೆ ತಿರುಪಿನ ಸುತ್ತುಗಳು.

ಎರಡನೆಯದು ಪಿಂಚ್ ಬೋಲ್ಟ್ ಇರುವ ಗಾಡಿ. ಫೋರ್ಕಿನ ಅಲ್ಯೂಮಿನಿಯಂ ಕಾಲಿನ ಬುಡದಲ್ಲಿ ಒಂದು ಸೀಳು ಇರುತ್ತದೆ. ಬೋಲ್ಟ್ ಬಿಗಿದರೆ ಸೀಳು ಕೂದಲೆಳೆಯಷ್ಟು ಮುಚ್ಚಿ ಆಕ್ಸಲ್ ಅನ್ನು ಹಿಡಿಯುತ್ತದೆ. ಕೆಟಿಎಂ ಡ್ಯೂಕ್‌ನಲ್ಲಿ ನೋಡಿರುತ್ತೀರಿ. ನನ್ನ ಗಾಡಿಯದೂ ಇದೇ ಕಥೆ.

ಮೂರನೆಯದು ಹಳೆ ಕಾಲದ್ದು. ಫೋರ್ಕಿನ ಕೆಳಗೆ ಅರ್ಧಚಂದ್ರದ ಆಕಾರದ ಒಂದು ಕ್ಯಾಪ್ ಇರುತ್ತದೆ, ಅದನ್ನು ಸ್ಟಡ್ (ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್) ಮತ್ತು ನಟ್ ಹಿಡಿದಿರುತ್ತವೆ. ಹಳೆ ಬುಲೆಟ್, 1970ರ ದಶಕದ ಹೋಂಡಾ ಸಿಬಿ ಗಾಡಿಗಳು ಹೀಗೆ.

ಇದು ಯಾಕೆ ಮುಖ್ಯ ಅಂದರೆ, ಪಿಂಚ್ ಬೋಲ್ಟ್ ಹೋದರೆ ಆಕ್ಸಲ್ ನಟ್ ಇನ್ನೂ ವ್ಹೀಲ್ ಹಿಡಿದಿರುತ್ತದೆ. ಆದರೆ ಆಕ್ಸಲ್ ನಿಧಾನಕ್ಕೆ ತಿರುಗಲು ಶುರು ಮಾಡುತ್ತದೆ, ಆಮೇಲೆ ನಟ್ ಸಡಿಲ ಆಗುತ್ತದೆ. ಫೋರ್ಕಿನ ಎರಡು ಕಾಲು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ಬ್ರೇಕ್ ಹಿಡಿದಾಗ ಹ್ಯಾಂಡಲ್‌ನಲ್ಲಿ ಏನೋ ಜಾರಿದ ಹಾಗೆ ಆಗುತ್ತದೆ. ನಲವತ್ತು ಕಿಲೋಮೀಟರ್ ನಾನು ಅನುಭವಿಸಿದ್ದು ಇದನ್ನೇ. ಕ್ಯಾಪ್ ಇರುವ ಗಾಡಿಯಲ್ಲಿ ಸ್ಟಡ್ ಮುರಿದರೆ ಮಾತೇ ಬೇರೆ. ಅಲ್ಲಿ ಆ ಕ್ಯಾಪ್ ಬಿಟ್ಟರೆ ವ್ಹೀಲ್ ಹಿಡಿಯಲು ಬೇರೆ ಏನೂ ಇಲ್ಲ. ಒಂದು ಅಡಿಯೂ ಓಡಿಸಬೇಡಿ. ಟಾಟಾ ಏಸ್ ಕರೆಸಿ, ಮನೆಗೆ ಸಾಗಿಸಿ.

ಮುರಿದ ತುಂಡು ತೆಗೆಯೋದು

ಲೇತ್ ಅಂಗಡಿಯ ಯಜಮಾನರು ನನ್ನ ಫೋರ್ಕಿನ ಕಾಲನ್ನು ಬೆಳಕಿಗೆ ಹಿಡಿದು ನೋಡಿ, “ಬೋಲ್ಟ್ ಮುರಿದಿದ್ದಕ್ಕೆ ಖುಷಿ ಪಡ್ರಿ, ಕಾಲು ಸೀಳಿಲ್ಲ” ಅಂದರು. ನಾನು ಬೇಜಾರಿನಲ್ಲಿದ್ದೆ, ಖುಷಿ ಪಡಲು ಸ್ವಲ್ಪ ಹೊತ್ತು ಬೇಕಾಯಿತು.

ಒಂದು ಸಮಾಧಾನ ಇದೆ. ತಲೆ ಹಾರಿಹೋದ ಮೇಲೆ ಬೋಲ್ಟಿನ ಮೇಲೆ ಎಳೆತ ಉಳಿದಿರುವುದಿಲ್ಲ. ತುಂಡನ್ನು ಹಿಡಿದಿರುವುದು ಬರೀ ತುಕ್ಕು ಮತ್ತು ಅಲ್ಯೂಮಿನಿಯಂನ ಬಿಳಿ ಪುಡಿ. ಹಾಗಾಗಿ ಟೈಟ್ ಮಾಡುವಾಗ ಮುರಿದ ಬೋಲ್ಟ್ ಸಾಮಾನ್ಯವಾಗಿ ಸಲೀಸಾಗಿ ಬರುತ್ತದೆ. ಬಿಚ್ಚುವಾಗ ಮುರಿದದ್ದಾದರೆ ಅದು ಆಗಲೇ ಕಚ್ಚಿಕೊಂಡಿದೆ ಅಂತ ಅರ್ಥ, ಅದಕ್ಕೆ ಸಮಯ ಕೊಡಬೇಕು.

ತುಂಡು ಸ್ವಲ್ಪ ಹೊರಗೆ ಕಾಣುತ್ತಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಲಾಕಿಂಗ್ ಪ್ಲೈಯರ್‌ನಲ್ಲಿ ಹಿಡಿದು ಆಚೆ ಈಚೆ ಆಡಿಸಿ. ಒಂದೇ ಕಡೆ ಜಗ್ಗಬೇಡಿ. ಬರದಿದ್ದರೆ ಮೇಲೆ ಒಂದು ನಟ್ ಇಟ್ಟು ನಟ್ಟಿನ ಒಳಗಡೆಯಿಂದ ವೆಲ್ಡ್ ಮಾಡಿಸಿ. ಈ ಉಪಾಯ ಯಾಕೆ ನಡೆಯುತ್ತೆ ಅಂದರೆ ಸ್ಟೀಲ್ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಜೊತೆಗೆ ಬಿಸಿಗೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ತುಂಡನ್ನು ಹಿಡಿದಿದ್ದ ಅಂಟು ಬಿಡುತ್ತದೆ. ಸ್ವಲ್ಪ ಆರಿದ ಮೇಲೆ ಸ್ಪ್ಯಾನರ್ ಹಾಕಿದರೆ ಹೆಚ್ಚಿನ ಸಲ ತಿರುಗಿಕೊಂಡು ಬರುತ್ತದೆ. ಆದರೆ ಫೋರ್ಕಿನ ಒಳಗೆ ಎಣ್ಣೆ ಇದೆ, ಮೇಲೆ ರಬ್ಬರ್ ಸೀಲ್ ಇದೆ ಅನ್ನೋದನ್ನು ಮರೆಯಬೇಡಿ. ಕಾಲನ್ನು ಬಿಚ್ಚಿ, ಎಣ್ಣೆ ಸುರಿದು, ಸೀಲ್ ತೆಗೆದು ಆಮೇಲೆ ಬೆಂಕಿ ತೋರಿಸಿ. ಗಾಡಿಯಲ್ಲೇ ಇಟ್ಟು ವೆಲ್ಡ್ ಮಾಡುತ್ತೇನೆ ಅನ್ನುವವರಿಗೆ ಕೈ ಮುಗಿದು ಬನ್ನಿ. ಎಬಿಎಸ್ ಸೆನ್ಸರ್ ಇರುವ ಗಾಡಿಯಾದರೆ ಎರಡು ಸಲ ಕೈ ಮುಗಿಯಿರಿ.

ತುಂಡು ಒಳಗೆ ಮುಳುಗಿದ್ದರೆ ಡ್ರಿಲ್ ಮಾಡಲೇಬೇಕು. ಪಿಂಚ್ ಬೋಲ್ಟ್ ಸಾಮಾನ್ಯವಾಗಿ ಸೀಳಿನ ಹತ್ತಿರವೇ ಮುರಿಯುತ್ತದೆ. ಮೇಲಿನ ಅರ್ಧದ ತೂತಿಗೆ ಥ್ರೆಡ್ ಇರುವುದಿಲ್ಲ, ಅದು ಖಾಲಿ. ನಮ್ಮ ಯಜಮಾನರು ಮಾಡಿದ ಕೆಲಸ ನೋಡಿ. ಆ ಖಾಲಿ ತೂತಿಗೆ ಸರಿಯಾಗಿ ಕೂರುವಂತೆ ಲೇತ್‌ನಲ್ಲಿ ಒಂದು ಪುಟ್ಟ ಬುಷ್, ಅಂದರೆ ಕೊಳವೆಯಂಥ ತುಂಡು, ಮಾಡಿದರು, ನಡುವೆ 3 ಮಿಲಿಮೀಟರ್ ತೂತು. ಬುಷ್ ಇಟ್ಟು ಡ್ರಿಲ್ ಇಳಿಸಿದರು. ಬಿಟ್ ಆಚೆ ಈಚೆ ಜಾರಲು ಜಾಗವೇ ಇಲ್ಲ, ಮುರಿದ ಬೋಲ್ಟಿನ ಸರಿ ನಡುವೆ ಇಳಿಯಿತು. ಹತ್ತು ನಿಮಿಷದ ಕೆಲಸ. ಬುಷ್ ಇಲ್ಲದೆ ಕೈ ಡ್ರಿಲ್‌ನಲ್ಲಿ ಮಾಡಿದ್ದರೆ ಬಿಟ್ ಗಟ್ಟಿ ಸ್ಟೀಲ್ ಬಿಟ್ಟು ಮೆತ್ತನೆ ಅಲ್ಯೂಮಿನಿಯಂ ಕಡೆ ಓಡುತ್ತಿತ್ತು, ತೂತು ಕೆಡುತ್ತಿತ್ತು.

ಇನ್ನೊಂದು ಸೂಕ್ಷ್ಮ. ಕೆಲವು ಗಾಡಿಗಳಲ್ಲಿ ಪಿಂಚ್ ಬೋಲ್ಟಿನ ತೂತು ಆರಪಾರ ಇರುತ್ತದೆ. ಕೆಳಗಿನಿಂದ ಬೋಲ್ಟಿನ ತುದಿ ಕಾಣುತ್ತದೆ. ಹಾಗಿದ್ದರೆ ತುದಿಯ ಕಡೆಯಿಂದ ಡ್ರಿಲ್ ಮಾಡಿ. ಆ ಕಡೆಯಿಂದ ಮಾಮೂಲಿ ಡ್ರಿಲ್ ತಿರುಗುವ ದಿಕ್ಕೇ ಬೋಲ್ಟ್ ಬಿಚ್ಚುವ ದಿಕ್ಕು. ಬಿಟ್ ಕಚ್ಚಿದ ತಕ್ಷಣ ತುಂಡು ತಾನಾಗೇ ತಿರುಗುತ್ತಾ ತಲೆ ಇದ್ದ ಕಡೆ ಹೊರಬರಬಹುದು. ತಲೆಯ ಕಡೆಯಿಂದಲೇ ಮಾಡಬೇಕಾದರೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಗುತ್ತದೆ, ಅದನ್ನು ಹಾಕಿ ಡ್ರಿಲ್ ಅನ್ನು ರಿವರ್ಸ್‌ನಲ್ಲಿ ಓಡಿಸಬೇಕು.

ಈಜಿ ಔಟ್ ಅಂತ ಒಂದು ಸಾಧನ ಇದೆ. ತುಂಡಿಗೆ ತೂತು ಮಾಡಿ, ಎಡಕ್ಕೆ ತಿರುಗುವ ತಿರುಪು ಮೊಳೆಯಂಥ ಅದನ್ನು ತಿರುಗಿಸುತ್ತಾ ಹೊರಗೆಳೆಯುವುದು. ಹೆಸರಲ್ಲಿ ಮಾತ್ರ ಈಜಿ. ಅದು ತುಂಬಾ ಗಟ್ಟಿ, ಆದರೆ ಪೆಡಸು. ಒಳಗೆ ಮುರಿಯಿತು ಅಂದರೆ ಮಾಮೂಲಿ ಬಿಟ್ ಅದರ ಮೇಲೆ ಓಡುವುದಿಲ್ಲ. ಆಮೇಲೆ ಪೀಣ್ಯದ ಕಡೆ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು) ಮಾಡುವವರನ್ನು ಹುಡುಕಿಕೊಂಡು ಹೋಗಬೇಕು, ಐವತ್ತು ರೂಪಾಯಿ ಬೋಲ್ಟಿಗೋಸ್ಕರ. ಎಂ6ನಂಥ ಸಣ್ಣ ಬೋಲ್ಟ್‌ಗೆ ಈಜಿ ಔಟ್ ಮುಟ್ಟಲೇಬೇಡಿ. ಕಚ್ಚಿಕೊಂಡ ಬೋಲ್ಟ್ ಮೇಲಂತೂ ಬೇಡವೇ ಬೇಡ. ಇದು ನನ್ನ ಖಡಕ್ ಅಭಿಪ್ರಾಯ.

ತೂತಿನ ಥ್ರೆಡ್ ಹೋಗಿದ್ದರೆ

ತುಂಡು ಬಂದ ಮೇಲೆ ಹಳೆ ಥ್ರೆಡ್ ಹೇಗಿದೆ ನೋಡಿ. ಒಂದು ಎಂ8 ಟ್ಯಾಪ್ ಅನ್ನು ಕೈಯಲ್ಲೇ ನಿಧಾನಕ್ಕೆ ಇಳಿಸಿ ಕಸ ತೆಗೆಯಿರಿ. ಹೊಸ ಬೋಲ್ಟ್ ಬೆರಳಲ್ಲೇ ಪೂರ್ತಿ ಇಳಿದು, ಅಲ್ಲಾಡಿಸಿದರೆ ಜಾಸ್ತಿ ಆಡದಿದ್ದರೆ ಅಲ್ಲಿಗೆ ಮುಗಿಯಿತು, ಬೇರೆ ಏನೂ ಬೇಡ. ಇದು ಎಲ್ಲಕ್ಕಿಂತ ಅಗ್ಗದ ದಾರಿ, ಆದರೆ ಜನ ಇದನ್ನು ಬಿಟ್ಟು ಸೀದಾ ದೊಡ್ಡ ರಿಪೇರಿಗೆ ಹೋಗುತ್ತಾರೆ.

ಥ್ರೆಡ್ ಹೋಗಿದ್ದರೆ ನನ್ನ ಮತ ಹೆಲಿಕಾಯಿಲ್‌ಗೆ. ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗ್ ಥರ ಸುತ್ತಿದ ಒಂದು ಸುರುಳಿ ಅದು. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದರದೇ ಟ್ಯಾಪ್ ಹೊಡೆದು, ಸುರುಳಿ ಇಳಿಸಿದರೆ ಒಳಗೆ ಮತ್ತೆ ಅದೇ ಎಂ8 ಥ್ರೆಡ್ ಸಿಗುತ್ತದೆ. ಅಲ್ಯೂಮಿನಿಯಂನಲ್ಲಿ ಇದು ಮೊದಲಿಗಿಂತ ಗಟ್ಟಿ, ಯಾಕಂದರೆ ಹೊರಗಿನ ಥ್ರೆಡ್ ದೊಡ್ಡದಾಗಿರುತ್ತದೆ, ಭಾರ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ. ಉದ್ದ ಗಮನಿಸಿ. ಎಂ8ಗೆ 12 ಮಿಲಿಮೀಟರ್ ಉದ್ದದ ಸುರುಳಿ, ಅಂದರೆ ದಪ್ಪದ ಒಂದೂವರೆ ಪಟ್ಟು, ಒಳ್ಳೆಯ ಲೆಕ್ಕ. ಜಾಗ ಇದ್ದರೆ 16 ಇನ್ನೂ ಒಳ್ಳೆಯದು. ಇಳಿಸಿದ ಮೇಲೆ ತಳದಲ್ಲಿರುವ ಪುಟ್ಟ ಬಾಲ ಮುರಿದು ಹೊರಗೆ ತೆಗೆಯಬೇಕು. ಆರಪಾರ ತೂತಿನಲ್ಲಿ ಆ ಬಾಲ ಬಿಟ್ಟರೆ ಬೋಲ್ಟ್ ಅಡ್ಡ ಸಿಕ್ಕಿಕೊಳ್ಳುತ್ತದೆ.

ಇದಕ್ಕೂ ಗಟ್ಟಿ ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಸ್ಟೀಲ್ ಬುಷ್. ಪದೇ ಪದೇ ಬಿಚ್ಚುವ ಜಾಗಕ್ಕೆ ಅದು ಉತ್ತಮ. ಟೂರಿಂಗ್ ಮಾಡುವವರು, ವರ್ಷಕ್ಕೆ ನಾಲ್ಕೈದು ಸಲ ಮುಂದಿನ ವ್ಹೀಲ್ ಬಿಚ್ಚುವವರು ಇದನ್ನು ಯೋಚಿಸಬಹುದು. ಆದರೆ ಅದಕ್ಕೆ ಸುತ್ತ ಲೋಹ ಬೇಕು. ಪಿಂಚ್ ಇರುವ ಜಾಗದ ಗೋಡೆ ತೆಳ್ಳಗಿದ್ದರೆ ಬೇಡ.

ಎಂ10 ಟ್ಯಾಪ್ ಹೊಡೆಸೋದು ಗ್ಯಾರೇಜ್‌ಗಳಲ್ಲಿ ಹೆಚ್ಚು ಕೇಳಿಬರುವ ಸಲಹೆ. ಸುಲಭ, ಕಡಿಮೆ ಖರ್ಚು, ಅರ್ಧ ಗಂಟೆಯಲ್ಲಿ ಗಾಡಿ ಕೈಗೆ. ನನಗೆ ಇಷ್ಟ ಇಲ್ಲ. ಸೀಳು ಇರುವ ಅಲ್ಯೂಮಿನಿಯಂನಲ್ಲಿ ತೂತು 2 ಮಿಲಿಮೀಟರ್ ದೊಡ್ಡದಾದರೆ ಸುತ್ತಲಿನ ಗೋಡೆ ಪ್ರತಿ ಕಡೆ ಒಂದು ಮಿಲಿಮೀಟರ್ ತೆಳ್ಳಗಾಗುತ್ತದೆ. ಮೇಲಿನ ಖಾಲಿ ತೂತನ್ನೂ ದೊಡ್ಡದು ಮಾಡಬೇಕು. ಅದಕ್ಕಿಂತ ಮುಖ್ಯ, ಮುಂದೆ ಯಾರೋ ಎಂ10 ಬೋಲ್ಟ್ ಕಂಡು ಎಂ10ಗೆ ತಕ್ಕ ಬಲ ಹಾಕುತ್ತಾರೆ, ಆಗ ಸೀಳುವುದು ಕಾಲು. ಕೆಲವು ಗಾಡಿಗಳಲ್ಲಿ ಸುತ್ತ ಸಾಕಷ್ಟು ದಪ್ಪ ಇರುತ್ತದೆ, ಅಲ್ಲಿ ಬೇರೆ ದಾರಿ ಇಲ್ಲದಿದ್ದರೆ ಒಪ್ಪಬಹುದು.

ಪಿಂಚ್ ಜಾಗದಲ್ಲಿ ಬಿರುಕು ಕಂಡರೆ? ಆರ್ಗಾನ್ ವೆಲ್ಡಿಂಗ್ ಮಾಡಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ನೋಡಲು ಚೆನ್ನಾಗಿಯೇ ಬರುತ್ತದೆ. ಆದರೆ ವೆಲ್ಡಿನ ಬಿಸಿಗೆ ಸುತ್ತಲಿನ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ಕಾರ್ಖಾನೆಯಲ್ಲಿ ಬಿಸಿ ಮಾಡಿ ಕೊಟ್ಟಿದ್ದ ಗಟ್ಟಿತನ ಹೋಗುತ್ತದೆ. ಸೈಡ್ ಸ್ಟ್ಯಾಂಡ್ ಬ್ರಾಕೆಟ್‌ಗೆ ಪರವಾಗಿಲ್ಲ, ಮುಂದಿನ ವ್ಹೀಲ್ ಹಿಡಿಯುವ ಜಾಗಕ್ಕೆ ಬೇಡ. ಇಲ್ಲಿ ಸರ್ವಿಸ್ ಸೆಂಟರಿನವರ ಮಾತೇ ಸರಿ, ಕಾಲು ಬದಲಿಸಿ. ಹೊಸದು ದುಬಾರಿ ಅನ್ನಿಸಿದರೆ ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಹುಡುಕಬಹುದು. ಆದರೆ ಅಪಘಾತದ ಗಾಡಿಯದು ಇರಬಹುದು. ಆಕ್ಸಲ್ ಕೂರುವ ತೂತು ದುಂಡಗಿದೆಯಾ, ಸೀಳಿನ ಬುಡದಲ್ಲಿ ಕೂದಲಿನಂಥ ಗೆರೆ ಇದೆಯಾ ಅಂತ ಬಿಸಿಲಲ್ಲಿ ಹಿಡಿದು ನೋಡಿ ತಗೊಳ್ಳಿ.

ಈಗ ಬೋಲ್ಟ್: ಗಟ್ಟಿ ಇದ್ದಷ್ಟೂ ಒಳ್ಳೆಯದಾ?

ಜನ ಎಡವುವುದು ಇಲ್ಲೇ. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಅಂತ ಇರುತ್ತದಲ್ಲ, ಅದನ್ನು ಓದುವುದು ಸುಲಭ. ಚುಕ್ಕೆಗೆ ಮೊದಲಿನ ಸಂಖ್ಯೆಯನ್ನು ನೂರರಿಂದ ಗುಣಿಸಿ, ಅದು ಮುರಿಯುವ ಮಿತಿ, ಪ್ರತಿ ಚದರ ಮಿಲಿಮೀಟರ್‌ಗೆ ಇಷ್ಟು ನ್ಯೂಟನ್ ಅಂತ. ಚುಕ್ಕೆಯ ಆಚೆಗಿನದು ಅದರ ಎಷ್ಟು ಭಾಗಕ್ಕೆ ಬೋಲ್ಟ್ ಶಾಶ್ವತವಾಗಿ ಹಿಗ್ಗುತ್ತದೆ ಅನ್ನೋದು. 8.8 ಅಂದರೆ 800ಕ್ಕೆ ಮುರಿಯುತ್ತದೆ, ಅದರ ಶೇಕಡ 80, ಅಂದರೆ 640ಕ್ಕೆ ಹಿಗ್ಗಿ ಕೂರುತ್ತದೆ. ಎಂ8 ಬೋಲ್ಟಿನ ಥ್ರೆಡ್ ಜಾಗದಲ್ಲಿ ಭಾರ ಹೊರುವ ಲೋಹ ಸುಮಾರು 36.6 ಚದರ ಮಿಲಿಮೀಟರ್. ಲೆಕ್ಕ ಹಾಕಿ, ಒಂದು 8.8 ಬೋಲ್ಟ್ ಮುರಿಯಲು ಹತ್ತಿರ ಹತ್ತಿರ ಮೂರು ಟನ್ ಎಳೆತ ಬೇಕು. 12.9ಗೆ ನಾಲ್ಕೂವರೆ ಟನ್.

ಹಾಗಾದರೆ 12.9 ಹಾಕಿದರೆ ವ್ಹೀಲ್ ಜಾಸ್ತಿ ಗಟ್ಟಿ ಹಿಡಿಯುತ್ತಾ? ಇಲ್ಲ. ಹಿಡಿತ ಬರುವುದು ನೀವು ಹಾಕುವ ಟಾರ್ಕಿನಿಂದ, ಅಂದರೆ ತಿರುಗಿಸುವ ಬಲದಿಂದ. 20 ನ್ಯೂಟನ್ ಮೀಟರ್‌ಗೆ ಬಿಗಿದ 8.8 ಬೋಲ್ಟ್, ಅಷ್ಟೇ ಬಿಗಿದ 12.9 ಬೋಲ್ಟ್, ಎರಡರ ಹಿಡಿತವೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಯಾರಾದರೂ ಪೈಪ್ ಹಾಕಿ ಜಗ್ಗಿದಾಗ. 8.8 ‘ಟಿಕ್’ ಅಂತ ಮುರಿಯುತ್ತದೆ. 12.9 ಮುರಿಯುವುದಿಲ್ಲ, ಬದಲಿಗೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ, ಇಲ್ಲವೇ ಕಾಲು ಸೀಳುತ್ತದೆ. ಐವತ್ತು ರೂಪಾಯಿಯ ಬೋಲ್ಟ್ ಉಳಿಸಲು ಸಾವಿರಾರು ರೂಪಾಯಿಯ ಕಾಲು ಕಳೆದ ಹಾಗೆ. ಯಜಮಾನರು ಖುಷಿ ಪಡಿ ಅಂದದ್ದು ಇದಕ್ಕೇ.

ಅಂಗಡಿಯಲ್ಲಿ ಏನೇನು ಸಿಗುತ್ತದೆ ನೋಡೋಣ.

ಕಂಪನಿ ಬೋಲ್ಟ್. ಇದೇ ನನ್ನ ಮೊದಲ ಆಯ್ಕೆ. ಉದ್ದ ಸರಿ ಇರುತ್ತದೆ, ಥ್ರೆಡ್ ಇಲ್ಲದ ಮೈಯ ಉದ್ದವೂ ಸರಿ ಇರುತ್ತದೆ. ಇದು ಸಣ್ಣ ವಿಷಯ ಅಲ್ಲ. ಸೀಳು ಬರುವ ಜಾಗದಲ್ಲಿ ಬೋಲ್ಟಿನ ನುಣುಪು ಮೈ ಇದ್ದರೆ ಒಳ್ಳೆಯದು, ಅಲ್ಲಿ ಥ್ರೆಡ್ ಬಂದರೆ ಮುರಿಯುವುದು ಅಲ್ಲಿಂದಲೇ ಶುರು. ಸರ್ವಿಸ್ ಸೆಂಟರಿನಲ್ಲಿ ಸ್ಟಾಕ್ ಇಲ್ಲ ಅಂದರೆ ಜೆ.ಸಿ. ರಸ್ತೆಯಲ್ಲಿ ಪಾರ್ಟ್ ನಂಬರ್ ಹಿಡಿದು ಕೇಳಿ. “ಪಿಂಚ್ ಬೋಲ್ಟ್ ಕೊಡಿ” ಅಂದರೆ ಏನೋ ಒಂದು ಕೊಡುತ್ತಾರೆ.

ಹಾರ್ಡ್‌ವೇರ್ ಅಂಗಡಿಯ 8.8. ಎಸ್‌ಜೆಪಿ ರಸ್ತೆಯಲ್ಲಿ ಯಾವ ಉದ್ದ ಬೇಕೋ ಅದು ಸಿಗುತ್ತದೆ. ಟಿವಿಎಸ್ ಹೆಸರಿನ ಬೋಲ್ಟ್, ಅಲೆನ್ ತಲೆಯದಾದರೆ ಅನ್‌ಬ್ರಾಕೊ, ಇವು ನಂಬಬಹುದಾದವು. ತಲೆಯ ಮೇಲೆ ಗ್ರೇಡೂ ಇಲ್ಲ, ತಯಾರಿಸಿದವರ ಗುರುತೂ ಇಲ್ಲ ಅಂದರೆ ಬೇಡ. ಅದು ಮಾಮೂಲಿ ಮೈಲ್ಡ್ ಸ್ಟೀಲ್ ಇರಬಹುದು, 8.8ರ ಅರ್ಧ ಶಕ್ತಿ. ಬಾಗಿಲಿನ ಚಿಲಕಕ್ಕೆ ಸಾಕು. ಹಳೆ ಬೋಲ್ಟ್ ಮತ್ತು ನಟ್ ಎರಡನ್ನೂ ಜೇಬಲ್ಲಿ ಹಾಕಿಕೊಂಡು ಹೋಗಿ. ಒಂದು ಸೋಜಿಗ, ನಮ್ಮ ಬೈಕುಗಳ ಎಂ8 ಬೋಲ್ಟಿಗೆ ಸಾಮಾನ್ಯವಾಗಿ 12 ನಂಬರ್ ಸ್ಪ್ಯಾನರ್, ಹಾರ್ಡ್‌ವೇರ್ ಅಂಗಡಿಯ ಎಂ8ಗೆ 13. ಜಪಾನಿನ ಅಳತೆಯ ರೂಢಿ ನಮ್ಮ ಗಾಡಿಗಳಿಗೂ ಬಂದಿದೆ. ಹೊಸ ಬೋಲ್ಟ್ ಹಾಕಿದ ಮೇಲೆ ಟೂಲ್ ಕಿಟ್‌ನಲ್ಲಿ 13 ಇದೆಯಾ ನೋಡಿಕೊಳ್ಳಿ. ತಲೆ ಕೂರುವ ಗುಂಡಿ ಚಿಕ್ಕದಿದ್ದರೆ 13ರ ತಲೆ ಕೂರುವುದೂ ಇಲ್ಲ.

10.9. ಹಾಕಬಹುದು, ತೊಂದರೆ ಇಲ್ಲ, ಲಾಭವೂ ಕಡಿಮೆ. ಕಂಪನಿಯವರೇ 10.9 ಕೊಟ್ಟಿದ್ದರೆ ಅದನ್ನೇ ಹಾಕಿ, 8.8ಗೆ ಇಳಿಯಬೇಡಿ.

12.9ರ ಕಪ್ಪು ಅಲೆನ್ ಬೋಲ್ಟ್. ನೋಡಲು ಚೆಂದ. ಮೊದಲ ಮಳೆಗಾಲಕ್ಕೆ ಕೆಂಪಾಗುತ್ತದೆ. ಅದಕ್ಕೆ ಜಿಂಕ್ ಪ್ಲೇಟಿಂಗ್ ಮಾಡಿಸೋಣ ಅನ್ನುತ್ತಾರೆ, ಅದು ಇನ್ನೂ ಅಪಾಯ. ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಲೋಹದೊಳಗೆ ಸೇರುತ್ತದೆ. ಅಷ್ಟು ಗಟ್ಟಿ ಬೋಲ್ಟ್‌ಗಳಲ್ಲಿ ಆ ಹೈಡ್ರೋಜನ್ ಬಿರುಕು ತರಿಸಿ, ಬಿಗಿದು ಬಿಟ್ಟ ಮೇಲೆ ಯಾವಾಗಲೋ ಸುಮ್ನೆ ನಿಂತಾಗ ಮುರಿಯುವ ಹಾಗೆ ಮಾಡುತ್ತದೆ.

ಸ್ಟೇನ್‌ಲೆಸ್ ಸ್ಟೀಲ್. ಇದರ ಬಗ್ಗೆ ವಾದ ಜಾಸ್ತಿ. ಸಾಮಾನ್ಯವಾಗಿ ಸಿಗುವುದು ಎ2-70 ಅನ್ನೋ ಗ್ರೇಡ್. ಮುರಿಯುವ ಮಿತಿ 700, ಹಿಗ್ಗುವ ಮಿತಿ 450 ಅಷ್ಟೇ. 8.8ರ 640ಕ್ಕೆ ಹೋಲಿಸಿ ನೋಡಿ. ಕಂಪನಿ ಹೇಳಿದ ಟಾರ್ಕಿಗೆ ಬಿಗಿದರೆ ಇದು ಮಿತಿಯ ಹತ್ತಿರ ಇರುತ್ತದೆ. ಇನ್ನೊಂದು ತಕರಾರು, ಅಲ್ಯೂಮಿನಿಯಂ ಒಳಗೆ ಸ್ಟೇನ್‌ಲೆಸ್ ಕೂತು ಉಪ್ಪುನೀರು ಬಿದ್ದರೆ ಬ್ಯಾಟರಿಯ ಹಾಗೆ ಕೆಲಸ ಶುರು. ಬೋಲ್ಟ್ ಫಳಫಳ ಹೊಳೆಯುತ್ತಿರುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ತುಕ್ಕು ಹಿಡಿಯಲ್ಲ ಅಂತ ಹಾಕಿದ ಬೋಲ್ಟೇ ಬಿಚ್ಚಲು ಬರುವುದಿಲ್ಲ. ಮಡ್‌ಗಾರ್ಡ್‌ಗೆ, ನಂಬರ್ ಪ್ಲೇಟಿಗೆ ಧಾರಾಳವಾಗಿ ಹಾಕಿ. ಆಕ್ಸಲ್ ಹತ್ತಿರ ಬೇಡ. ಹಾಕಲೇಬೇಕು ಅಂದರೆ ಎ4-80 ಹುಡುಕಿ, ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಗ್ರೀಸ್ ಹಚ್ಚಿ, ವರ್ಷಕ್ಕೊಮ್ಮೆ ಬಿಚ್ಚಿ ಹಾಕಿ.

ಟೈಟೇನಿಯಂ. ಒಂದು ಪಿಂಚ್ ಬೋಲ್ಟಿನಲ್ಲಿ ಉಳಿಯುವ ತೂಕ ಕೆಲವು ಗ್ರಾಂ. ಬೆಳಗಿನ ತಿಂಡಿಯಲ್ಲಿ ಒಂದು ಇಡ್ಲಿ ಕಡಿಮೆ ಮಾಡಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತೆ. ಇನ್ನು ಬಣ್ಣ ಬಣ್ಣದ ಅಲ್ಯೂಮಿನಿಯಂ ಬೋಲ್ಟ್ ಆನ್‌ಲೈನ್‌ನಲ್ಲಿ ಬರುತ್ತವಲ್ಲ, ಕೆಂಪು, ನೀಲಿ, ಚಿನ್ನದ ಬಣ್ಣ. ಅವು ಶೋಕಿಗೆ. ಆಕ್ಸಲ್‌ನಿಂದ ದೂರ ಇಡಿ.

ಸ್ಟಡ್ ಇರುವ ಹಳೆ ಗಾಡಿಯವರಿಗೆ

ಕ್ಯಾಪ್ ಮತ್ತು ಸ್ಟಡ್ ಇರುವ ಗಾಡಿಗಳಿಗೆ ಒರಿಜಿನಲ್ ಸ್ಟಡ್ ಸಿಗುವುದು ಕಷ್ಟ. ಆಗ ಮೂರು ದಾರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಥ್ರೆಡ್ ರಾಡ್ ಕತ್ತರಿಸಿ ಹಾಕುವುದು ಒಂದು. ಇದು ಬೇಡ, ಹೆಚ್ಚಿನವು ಮೈಲ್ಡ್ ಸ್ಟೀಲ್, ಸೀಲಿಂಗ್‌ಗೆ ಪೈಪ್ ನೇತುಹಾಕಲು ಇರುವಂಥವು. ಲೇತ್‌ನಲ್ಲಿ ಮಾಡಿಸುವುದು ಎರಡನೆಯದು. ಆಗ ಯಾವ ಸ್ಟೀಲ್ ಅಂತ ನೀವೇ ಕೇಳಬೇಕು. ಇಎನ್8 ಸರಳನ್ನು ಹಾಗೇ ತಿರುಗಿಸಿದರೆ 8.8ರ ಮಟ್ಟ ಮುಟ್ಟುವುದಿಲ್ಲ, ಗಟ್ಟಿ ಮಾಡಿಸಬೇಕು. ಆಗಲೇ ಗಟ್ಟಿ ಮಾಡಿ ಬರುವ ಇಎನ್24 ಸಿಕ್ಕರೆ ಒಳ್ಳೆಯದು. ಮೂರನೆಯದು, ನನಗೆ ಹಿಡಿಸಿದ್ದು, ಉದ್ದನೆಯ 8.8 ಬೋಲ್ಟ್ ತಂದು ಅದರ ತಲೆ ಕತ್ತರಿಸಿ, ಆ ಕಡೆ ಡೈ ಹೊಡೆಸಿ, ಅಂದರೆ ಹೊರಮೈಗೆ ಥ್ರೆಡ್ ಕೊರೆಸಿ, ಸ್ಟಡ್ ಮಾಡಿಕೊಳ್ಳುವುದು. ಕನಿಷ್ಠ ಒಂದು ತುದಿಯಲ್ಲಾದರೂ ಕಾರ್ಖಾನೆಯಲ್ಲಿ ಉರುಳಿಸಿ ಮಾಡಿದ ಥ್ರೆಡ್ ಇರುತ್ತದೆ. ಅದು ಕೊರೆದು ಮಾಡಿದ ಥ್ರೆಡ್‌ಗಿಂತ ಹೆಚ್ಚು ದಿನ ಬಾಳುತ್ತದೆ. ಆ ತುದಿಯನ್ನು ನಟ್ ಬರುವ ಕಡೆ ಇಡಿ.

ಹಳೆ ಇಂಗ್ಲಿಷ್ ಗಾಡಿ, ಹಳೆ ಬುಲೆಟ್ ಇಟ್ಟುಕೊಂಡವರು ಥ್ರೆಡ್ ಅಳತೆ ಮಾಡದೆ ಏನನ್ನೂ ತರಬೇಡಿ. 5/16 ಇಂಚು ಅಂದರೆ 7.94 ಮಿಲಿಮೀಟರ್. ಕಣ್ಣಿಗೆ ಎಂ8 ಥರಾನೇ ಕಾಣುತ್ತದೆ. ಎಂ8 ನಟ್ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಟೈಟ್ ಆಯಿತು ಅಂತ ಖುಷಿ ಪಟ್ಟರೆ ಕೆಟ್ಟಿರಿ. ಅಲ್ಲಿ ಥ್ರೆಡ್ ಥ್ರೆಡ್ಡನ್ನು ತಿನ್ನುತ್ತಿರುತ್ತದೆ. ಥ್ರೆಡ್ ಸುತ್ತುಗಳ ನಡುವಿನ ಅಂತರ ಅಳೆಯಲು ಪಿಚ್ ಗೇಜ್ ಅಂತ ಬ್ಲೇಡುಗಳ ಒಂದು ಪುಟ್ಟ ಗೊಂಚಲು ಸಿಗುತ್ತದೆ, ತಗೊಂಡಿಡಿ.

ಇನ್ನು ಹಳೆ ಹೋಂಡಾ ಸಿಬಿಯವರಿಗೆ ಒಂದು ಮಾತು. ಆ ಕ್ಯಾಪ್ ಮೇಲೆ ಮುಂದಿನ ಕಡೆ ತೋರಿಸುವ ಗುರುತು ಇರುತ್ತದೆ. ಮೊದಲು ಮುಂದಿನ ನಟ್ ಪೂರ್ತಿ ಬಿಗಿಯಬೇಕು, ಆಮೇಲೆ ಹಿಂದಿನದು. ಹಿಂದೆ ಒಂದು ಸಣ್ಣ ಸಂದು ಉಳಿಯುತ್ತದೆ. ಅದು ಇರಬೇಕಾದದ್ದೇ. ಸಂದು ಕಂಡು, ಮುಚ್ಚಿಲ್ಲವಲ್ಲ ಅಂತ ಬಿಗಿಯುತ್ತಾ ಹೋದವರು ಸ್ಟಡ್ ಮುರಿದುಕೊಂಡಿದ್ದಾರೆ.

ಆಕ್ಸಲ್ ನಟ್

ಇದರಲ್ಲಿ ಹೇಳುವುದು ಕಡಿಮೆ. ಸ್ಪ್ಲಿಟ್ ಪಿನ್ ತೂರಿಸಲು ಮೇಲೆ ಸೀಳುಗಳಿರುವ ಕೋಟೆ ನಟ್ ಆದರೆ ಪ್ರತಿ ಸಲವೂ ಹೊಸ ಪಿನ್. ತೂತು ಸಾಲಿಗೆ ಬರದಿದ್ದರೆ ಸ್ವಲ್ಪ ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಸಡಿಲ ಮಾಡಬೇಡಿ. ಪಿನ್ ಬದಲು ಮೊಳೆ, ಬೈಂಡಿಂಗ್ ವೈರ್ ಸುತ್ತಿದ ಗಾಡಿಗಳನ್ನು ನೋಡಿದ್ದೇನೆ. ಪಿನ್ನಿನ ಬೆಲೆ ಒಂದು ಟೀಗಿಂತ ಕಡಿಮೆ. ಒಳಗೆ ನೈಲಾನ್ ಉಂಗುರ ಇರುವ ನಟ್ ಆದರೆ, ಕೈಯಲ್ಲೇ ಪೂರ್ತಿ ತಿರುಗುತ್ತಿದೆ ಅಂದರೆ ಅದರ ಆಯಸ್ಸು ಮುಗಿದಿದೆ. ಆಕ್ಸಲ್ ತುದಿಯ ಥ್ರೆಡ್ ಹೋಗಿದ್ದರೆ ಆಕ್ಸಲ್ ಮತ್ತು ನಟ್ ಎರಡೂ ಹೊಸದು ತಗೊಳ್ಳಿ, ಕಂಪನಿಯದೇ. ಲೇತ್‌ನಲ್ಲಿ ಆಕ್ಸಲ್ ತಿರುಗಿಸಿಕೊಡುತ್ತೇನೆ ಅಂದರೆ ಬೇಡ ಅನ್ನಿ.

ಬಿಗಿಯುವ ಕ್ರಮ

ಎಂ8 ಪಿಂಚ್ ಬೋಲ್ಟ್‌ಗೆ ಸಾಮಾನ್ಯವಾಗಿ 15ರಿಂದ 25 ನ್ಯೂಟನ್ ಮೀಟರ್ ನಡುವೆ ಟಾರ್ಕ್ ಇರುತ್ತದೆ. ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. 20 ನ್ಯೂಟನ್ ಮೀಟರ್ ಅಂದರೆ ಎಷ್ಟು? 25 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ ಸುಮಾರು 8 ಕಿಲೋ ಎಳೆದ ಹಾಗೆ. ಅದೇ ಕೈ, ಅದೇ ಎಳೆತ, ಎರಡಡಿ ಪೈಪ್ ಹಾಕಿದರೆ ಹತ್ತಿರ ಹತ್ತಿರ 50. ಹುಡುಗ ಬಲ ಹಾಕಿರಲೇ ಇಲ್ಲ, ಪೈಪ್ ಹಾಕಿತ್ತು.

ಬಿಚ್ಚುವಾಗ ಮೊದಲು ಪಿಂಚ್ ಬೋಲ್ಟ್, ಆಮೇಲೆ ಆಕ್ಸಲ್ ನಟ್. ಹಾಕುವಾಗ ಉಲ್ಟಾ. ಆಕ್ಸಲ್ ನಟ್ ಬಿಗಿದ ಮೇಲೆ, ಪಿಂಚ್ ಬೋಲ್ಟ್ ಸಡಿಲ ಇರುವಾಗಲೇ ಗಾಡಿಯನ್ನು ಸ್ಟ್ಯಾಂಡ್‌ನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ನಾಲ್ಕೈದು ಸಲ ಒತ್ತಿ. ಕಾಲುಗಳು ತಾವಾಗೇ ನೇರಕ್ಕೆ ಬರುತ್ತವೆ. ಆಮೇಲೆ ಪಿಂಚ್ ಬೋಲ್ಟ್ ಬಿಗಿಯಿರಿ. ಒಂದೇ ಕಡೆ ಎರಡು ಬೋಲ್ಟ್ ಇದ್ದರೆ ಒಂದಾದ ಮೇಲೆ ಒಂದರಂತೆ ಎರಡು ಮೂರು ಸುತ್ತು ಬಿಗಿಯಬೇಕು, ಯಾಕಂದರೆ ಎರಡನೆಯದು ಬಿಗಿದಾಗ ಮೊದಲನೆಯದು ಸಡಿಲ ಆಗಿರುತ್ತದೆ.

ಥ್ರೆಡ್‌ಗೆ ಗ್ರೀಸ್ ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆಯಲ್ಪಡುತ್ತದೆ. ಮ್ಯಾನುಯಲ್ ಒಣ ಥ್ರೆಡ್ ಲೆಕ್ಕದಲ್ಲಿ ಕೊಟ್ಟಿದ್ದರೆ ಕಾಲು ಭಾಗದಷ್ಟು ಇಳಿಸಿ. ಬೋಲ್ಟ್ ಸಡಿಲ ಆಗದಂತೆ ಹಾಕುವ ಅಂಟು, ಥ್ರೆಡ್ ಲಾಕ್, ಹಾಕುವುದಾದರೆ ನೀಲಿಯದು ಒಂದು ಹನಿ. ಕೆಂಪು ಹಾಕಿದರೆ ಮುಂದಿನ ಸಲ ಮತ್ತೆ ಈ ಲೇಖನದ ಎರಡನೇ ಭಾಗ ಓದಬೇಕಾಗುತ್ತದೆ.

ನನ್ನ ಗಾಡಿಗೆ ಕೊನೆಗೆ ಆದದ್ದು ಇಷ್ಟು. ತುಂಡು ಬಂತು, ಕೆಳಗಿನ ನಾಲ್ಕು ಸುತ್ತು ಥ್ರೆಡ್ ಕೆಟ್ಟಿತ್ತು, 12 ಮಿಲಿಮೀಟರ್ ಹೆಲಿಕಾಯಿಲ್ ಹಾಕಿಸಿದೆ, ಕಂಪನಿ ಬೋಲ್ಟ್ ಹಾಕಿದೆ. ತಲೆಯಿಂದ ಫೋರ್ಕಿಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿದ್ದೇನೆ, ಬೋಲ್ಟ್ ಅಲ್ಲಾಡಿದರೆ ಗೆರೆ ಮುರಿದು ಕಾಣುತ್ತದೆ. ಸೀಟಿನ ಕೆಳಗೆ ಹಳೆ ಟ್ಯೂಬಿನ ತುಂಡಿನಲ್ಲಿ ಸುತ್ತಿದ ಇನ್ನೊಂದು ಬೋಲ್ಟ್ ಇದೆ. ಪಂಕ್ಚರ್ ಅಂಗಡಿಯಲ್ಲಿ ವ್ಹೀಲ್ ಕೂರಿಸಿ ಆದ ಮೇಲೆ, “ಕೊನೇದು ನಾನು ಮಾಡ್ಕೊತೀನಿ ಕೊಡು ತಮ್ಮಾ” ಅಂತ ಸ್ಪ್ಯಾನರ್ ಇಸ್ಕೊಳ್ಳುತ್ತೇನೆ.